ವಾಡಿಯ ಸಮುದ್ರಕ್ಕೆ ಕರೆಂಟು ಹೋದ ದಿನ

ನನ್ನ ಜೀವಮಾನದಲ್ಲಿ ನನಗೆ ಬಂದಿರುವ ಬಹುಮಾನ ಒಂದೇ ಒಂದು. ಕಾನ್ವೆಂಟಿನಲ್ಲಿ ಏಳನೆಯ ತರಗತಿಯಲ್ಲಿದ್ದಾಗ ‘ಸೂಕ್ಷ್ಮ ವೀಕ್ಷಣೆ’ಗೆಂದು ಸಿಸ್ಟರ್ ನನ್ನ ಕೊರಳಿಗೆ ಹಾಕಿದ ತಾಮ್ರದ ಪದಕ. ಅಂದಿನಿಂದ ಇಂದಿನವರೆಗೆ ಈ ಕಣ್ಣುಗಳಿಂದ ಏನೂ ತಪ್ಪಿಸಿಕೊಂಡಿಲ್ಲ! ಹಾಲಿನವನು ಹೊಸ ಚಪ್ಪಲಿ ಹಾಕಿದರೆ ಮೊದಲು ಗೊತ್ತಾಗುವುದು ನನಗೆ. ಆಮೇಲೆ ಅವನ ಹೆಂಡತಿಗೆ.

ಹೀಗಿರುವಾಗ ನಮ್ಮವರು ಅಣ್ಣನ ಮಗನಿಗೆ ಹೆಣ್ಣು ನೋಡಲು ಸೇಡಂಗೆ ಹೊರಟು ನಿಂತು, “ಇವತ್ತ ಲೈನ್ ರಿಪೇರಿ ಅದ. ಹತ್ತರಿಂದ ನಾಕರ ತನಕ ಕರೆಂಟ್ ಇರಂಗಿಲ್ಲ. ಸಮುದ್ರ ನೀ ಒಬ್ಬಾಕಿ ನೋಡ್ಕೋತಿ ಏನು?” ಎಂದು ಕೇಳಿದಾಗ ನನಗೆ ನಗುವೇ ಬಂತು.

“ನಾ ಇದ್ದೀನಲ್ರಿ!” ಅಂದೆ.

ಸಮುದ್ರ ಎಂದರೆ ನಮ್ಮ ಪಡಸಾಲೆಯಲ್ಲಿರುವ ಮೂರಡಿ ಉದ್ದದ ಗಾಜಿನ ತೊಟ್ಟಿ. ಇಡೀ ರಾತ್ರಿ ರೈಲಿನಲ್ಲಿ ಕುಳಿತರೆ ಮಾತ್ರ ಸಮುದ್ರ ಸಿಗುವ ಈ ವಾಡಿಯಲ್ಲಿ, ಕಿಟಕಿಯ ಮೇಲೆ ದಿನಕ್ಕೆರಡು ಸಲ ಸಿಮೆಂಟಿನ ಧೂಳು ಕೂರುವ ಈ ಸಾಲುಮನೆಯಲ್ಲಿ, ನಾನು ಉಪ್ಪುನೀರು ಬೆರೆಸಿ ಹವಳ ಬೆಳೆಸಿದ್ದೇನೆ. ನೇರಳೆ ಬಣ್ಣದ್ದೊಂದು, ಹಸಿರಿನದೊಂದು. ಅವುಗಳ ನಡುವೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಮೀನು: ರಾಜಾ ಮತ್ತು ರಾಣಿ. ರಾಣಿ ದೊಡ್ಡವಳು, ರಾಜಾ ಅವಳ ಹಿಂದೆ ಹಿಂದೆ ಸುತ್ತುವವನು. ಅವರ ಸಂಸಾರ ನೋಡಿದರೆ ನನಗೆ ಬಹಳ ಸಮಾಧಾನ.

ಆದರೆ ಈ ಸಮುದ್ರದ ಅಲೆ ಎದ್ದೇಳುವುದು ಚಂದ್ರನಿಂದಲ್ಲ, ಪಂಪಿನಿಂದ. ಪಂಪು ನಿಂತರೆ ನೀರಿನಲ್ಲಿ ಉಸಿರು ಕಡಿಮೆಯಾಗುತ್ತದೆ. ಕಳೆದ ಬೇಸಿಗೆಯಲ್ಲಿ ಹೀಗೇ ಕರೆಂಟು ಹೋಗಿ ಒಂದು ನೀಲಿ ಮೀನು ತೀರಿಕೊಂಡಿತು. ನಾನು ಎರಡು ದಿನ ಊಟ ಬಿಟ್ಟೆ. ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿರುವ ನಮ್ಮವರು ಒಂದು ಇನ್ವರ್ಟರ್ ತಂದು ಕೂರಿಸಿದರು. ಜೊತೆಗೆ ಒಂದು ತೀರ್ಪನ್ನೂ ಕೊಟ್ಟರು: “ಇನ್ನೊಂದು ಮೀನು ಸತ್ತರ ಈ ಪೆಟ್ಟಿಗ್ಯಾಗ ಜೋಳ ತುಂಬೋದು, ನೋಡು!”

ಹೊರಡುವ ಮೊದಲು ಗೋಡೆಗೆ ಒಂದು ಚೀಟಿ ಅಂಟಿಸಿದರು. ಒಂದು: ಇನ್ವರ್ಟರ್ ಮೇಲೆ ಅಲೆಯ ಪಂಪು ಮಾತ್ರ. ಎರಡು: ಅದು ನಿಂತರೆ ಸೆಲ್ಲಿನಿಂದ ನಡೆಯುವ ಸಣ್ಣ ಗಾಳಿಪಂಪು. ಮೂರು: ಅದೂ ನಿಂತರೆ ಚೊಂಬು, ಅಂದರೆ ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿಯುವುದು.

ಮೂರರ ತನಕ ಹೋಗುವವರು ಯಾರು? ನಾನು ಮುಗುಳ್ನಕ್ಕೆ.

ಹತ್ತಕ್ಕೆ ಸರಿಯಾಗಿ ಕರೆಂಟು ಹೋಯಿತು. ಇನ್ವರ್ಟರ್ ‘ಟಿಕ್’ ಎಂದಿತು, ಅಲೆ ಏಳುತ್ತಲೇ ಇತ್ತು. ನಾನು ಕೂಡಲೇ ಮನೆಯ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದೆ. ನಮ್ಮ ಸಾಲಿನಲ್ಲಿ ಇದು ಪದ್ಧತಿ. ಹೋದ ಕರೆಂಟು ವಾಪಸ್ಸು ಬರುವಾಗ ಸಿಟ್ಟಿನಿಂದ ಬರುತ್ತದೆ, ಫ್ರಿಜ್ಜು ಸುಡುತ್ತದೆ. ನಾನು ಜವಾಬ್ದಾರಿಯುತ ನಾಗರಿಕಳಾದ್ದರಿಂದ ‘ಸಾಲುಮನೆ ಸಖಿಯರು’ ವಾಟ್ಸಾಪ್ ಗುಂಪಿನಲ್ಲಿ ಬರೆದೆ: “ಆತ್ಮೀಯ ಸಖಿಯರೇ, ನಾಲ್ಕು ಗಂಟೆಯವರೆಗೆ ದಯವಿಟ್ಟು ಎಲ್ಲರೂ ಮೇನ್ ಬಂದ್ ಮಾಡಿ.” ಎಂಟು ಮನೆಯವರೂ ಮಾಡಿದರು. ನನ್ನ ಮಾತಿಗೆ ಅಷ್ಟು ಬೆಲೆ!

ಅರ್ಧ ಗಂಟೆಯೊಳಗೆ ಬಾಗಿಲಲ್ಲಿ ಶರಣಮ್ಮತ್ತಿ. ಎದುರುಮನೆಯವರು, ಇಡೀ ಸಾಲಿಗೇ ಅತ್ತೆ.

“ಯವ್ವಾ, ನಿಮ್ಮನ್ಯಾಗ ಕರೆಂಟ್ ಅದಂತಲ್ಲ? ಫೋನ್ ಸತ್ತು ಬಿದ್ದದ. ಒಂದೀಟ್ ಚುಚ್ಚತೀನಿ.”

ಚೀಟಿ ಗೋಡೆಯ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಆದರೆ ಹಂಚಿಕೊಂಡು ಬಾಳಬೇಕೆಂದು ಸಿಸ್ಟರ್ ಕಲಿಸಿದ್ದರು. “ದಯವಿಟ್ಟು ಚುಚ್ಚಿ” ಅಂದೆ.

ಒಂದು ಫೋನು ಏಳಾಯಿತು. ಫೋನಿನ ಹಿಂದೆ ಶರಣಮ್ಮತ್ತಿಯ ಮಿಕ್ಸರ್ ಬಂತು. “ಶೇಂಗಾ ಹುರಿದಿಟ್ಟೀನಿ ಯವ್ವಾ, ಎರಡ ಸುತ್ತು!” ಎರಡು ಸುತ್ತು ಹನ್ನೊಂದು ಸುತ್ತಾಯಿತು. ಶೇಂಗಾ ಚಟ್ನಿಪುಡಿಯ ಘಮಕ್ಕೆ ರಾಣಿಯೂ ಗಾಜಿನ ಹತ್ತಿರ ಬಂದು ನೋಡಿದಳು. ಹನ್ನೊಂದೂ ಮುಕ್ಕಾಲಿಗೆ ಬಟ್ಟೆ ಹೊಲಿದು ಕೊಡುವ ಕೊನೆಮನೆಯ ಜುಬೇದಾ ಆಪಾ ಓಡಿ ಬಂದರು. ಕೈಯಲ್ಲಿ ಮದುಮಗಳ ಜರಿ ಕುಬುಸ, ಇನ್ನೊಂದು ಕೈ ಬೆನ್ನ ಹಿಂದೆ.

“ಬೆಹನ್, ಹುಡುಗಿ ಕಡಿಯವರು ಬಂದು ಕುಂತಾರ. ಒಂದೇ ಮಿನಿಟ್!”

ಬೆನ್ನ ಹಿಂದಿನಿಂದ ಇಸ್ತ್ರಿಪೆಟ್ಟಿಗೆ ಹೊರಬಂತು.

ಇಸ್ತ್ರಿ ಬೇಡ ಎಂದು ಹೇಳುವ ವಾಕ್ಯವನ್ನು ನಾನು ಮನಸ್ಸಿನಲ್ಲಿ ಬಹಳ ಸೌಮ್ಯವಾಗಿ ಜೋಡಿಸುತ್ತಿದ್ದೆ. “ಆಪಾ, ತಪ್ಪು ತಿಳಿಯಬಾರದು, ಆದರೆ...” ಎಂಬಲ್ಲಿಗೆ ಬಂದಿದ್ದೆ. ಅಷ್ಟರಲ್ಲಿ ಅವರು ಚುಚ್ಚಿಬಿಟ್ಟರು!

ಇನ್ವರ್ಟರ್ ‘ಕೀಂ...’ ಎಂದು ಒಂದೇ ಸಮನೆ ಕಿರುಚಿತು. ಆಮೇಲೆ ಸುಮ್ಮನಾಯಿತು. ಏಳು ಫೋನು, ಒಂದು ಮಿಕ್ಸರ್ ಸೇರಿ ಬ್ಯಾಟರಿಯನ್ನು ಮೊದಲೇ ಹಿಂಡಿದ್ದವು. ಇಸ್ತ್ರಿ ಕೊನೆಯ ತೊಟ್ಟನ್ನೂ ಕುಡಿಯಿತು. ಎಷ್ಟು ಒತ್ತಿದರೂ ಜೀವ ಬರಲಿಲ್ಲ.

ಅಲೆ ನಿಂತಿತು.

“ಹಾಯ್ ಅಲ್ಲಾ, ಮೀನಿಗೆ ಏನರೆ ಆಗ್ತದೇನು?” ಆಪಾ ಕೇಳಿದರು.

“ಜೋಳ ಆಗುತ್ತದೆ!” ಎಂದು ನಾನು ಅತ್ತೇಬಿಟ್ಟೆ.

ಧೈರ್ಯ ತಂದುಕೊಂಡು ಚೀಟಿಯ ಎರಡನೆಯ ಅಂಶಕ್ಕೆ ಹೋದೆ. ಗಾಳಿಪಂಪು ಸಿಕ್ಕಿತು, ಒಳಗೆ ಸೆಲ್ಲು ಇರಲಿಲ್ಲ. ಹೋದ ತಿಂಗಳು ಗೋಡೆಗಡಿಯಾರ ನಿಂತಾಗ ಸೆಲ್ಲು ಎಲ್ಲಿಂದ ತೆಗೆದು ಹಾಕಿದೆನೆಂಬುದು ಆಗ ನೆನಪಾಯಿತು. ಆದರೆ ಹೊಸದೇ ಇರಲಿ ಎಂದು ಬಿಸಿಲಿನಲ್ಲಿ ಮೂಲೆಯ ಅಂಗಡಿಗೆ ಓಡಿದೆ.

ಅಂಥ ಗಾಬರಿಯಲ್ಲೂ ನನ್ನ ವೀಕ್ಷಣಾ ಶಕ್ತಿ ಕುಂದಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ದಾರಿಯಲ್ಲಿ ಹಿಟ್ಟಿನ ಗಿರಣಿ ಪಟಪಟ ನಡೆಯುತ್ತಿತ್ತು. ಡೀಸೆಲ್ ಯಂತ್ರ ಇಟ್ಟಿರಬೇಕು, ಜಾಣ! ಅಂಗಡಿಯವನ ತಂಪುಪೆಟ್ಟಿಗೆ ‘ಗುಂಯ್’ ಎನ್ನುತ್ತಿತ್ತು. ಎಂಥ ಗಟ್ಟಿ ಇನ್ವರ್ಟರ್ ಇಟ್ಟಿದ್ದಾನೋ, ಭಾಗ್ಯವಂತ! ನಮಗೆ ಬೇಕಾದ ಸೆಲ್ಲು ಅವನಲ್ಲಿರಲಿಲ್ಲ. ವಾಪಸ್ಸು ಬರುವಾಗ ನಮ್ಮ ಮನೆಯ ಮುಂದಿನ ಕಂಬದ ಬೀದಿದೀಪ, ನಡುಮಧ್ಯಾಹ್ನದ ರಣಬಿಸಿಲಿನಲ್ಲಿ, ಝಗಝಗ ಉರಿಯುತ್ತಿತ್ತು. ನನ್ನ ನಾಗರಿಕ ಪ್ರಜ್ಞೆ ಕೆರಳಿತು. ನಿಂತು ಫೋಟೋ ತೆಗೆದೆ. ನಾಲ್ಕು ಮಾತು ಬರೆದು ಗುಂಪಿಗೆ ಕಳಿಸಿದೆ. ಸಖಿಯರು ಹೆಬ್ಬೆರಳು ಒತ್ತಿದರು. ಮತ್ತೆ ಓಡಿದೆ.

ಗಡಿಯಾರದ ಸೆಲ್ಲು ಕಿತ್ತು ಗಾಳಿಪಂಪಿಗೆ ಹಾಕಿದೆ. ಗಡಿಯಾರ ಹನ್ನೆರಡೂವರೆಗೆ ನಿಂತಿತು. ಪಂಪು ಇಪ್ಪತ್ತು ನಿಮಿಷ ಗುಳುಗುಳು ಎಂದು ಗಡಿಯಾರದ ದಾರಿಯನ್ನೇ ಹಿಡಿಯಿತು.

ಚೊಂಬು!

ಇಲ್ಲಿ ನಮ್ಮ ಸಾಲಿನ ಹೆಂಗಸರ ಬಗ್ಗೆ ಒಂದು ಮಾತು ಹೇಳಲೇಬೇಕು. ಮೀನು ಸಾಯುತ್ತದೆಂದು ಕೇಳಿದ್ದೇ ತಡ, ಎಂಟು ಮನೆಯವರೂ ಸೆರಗು ಸಿಕ್ಕಿಸಿ ಬಂದರು. ಕುಬುಸವನ್ನು ಇಸ್ತ್ರಿಯಿಲ್ಲದೆಯೇ ಕಳಿಸಿ ಬಂದ ಆಪಾ ಮೊದಲ ಪಾಳಿ. ಶರಣಮ್ಮತ್ತಿ ಎರಡನೆಯ ಪಾಳಿ. ಸುರಿಯುವಾಗ ಮಕ್ಕಳಿಗೆ ಎರೆಯುವಂತೆ “ನೂರು ವರ್ಷ ಬಾಳ್ರಪ್ಪ” ಎಂದು ಹರಸುತ್ತಿದ್ದರು. ಇಬ್ಬರು ಮೊರದಿಂದ ಗಾಳಿ ಹಾಕಿದರು. ನೀರು ಬಿಸಿಯಾಗಬಾರದೆಂದು ತಮ್ಮ ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿದ್ದ ಬಾಟಲಿಗಳನ್ನೂ ತಂದು ತೇಲಿಬಿಟ್ಟರು.

“ಅತ್ತಿ! ನಿಮ್ಮ ಬಾಟ್ಲಿ ಯಾಕ ಕೆಂಪಗದ?”

“ಶರಬತ್ತು ಯವ್ವಾ, ಗುಲಾಬಿದು. ಮೀನಿಗೂ ಬ್ಯಾಸಗಿ ಅಲ್ಲೇನು?”

ಮುಚ್ಚಳ ಸಡಿಲವಿತ್ತು! ಮೊಳಕೈವರೆಗೆ ಕೈ ಹಾಕಿ ಎಳೆದುಕೊಂಡೆ. ಆ ದಿನ ನನ್ನ ಕಣ್ಣು ಮಾಡಿದ ಏಕೈಕ ಉಪಕಾರ ಅದು.

ರಾಣಿ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿದಳು. ರಾಜಾ ಮೂಲೆಯಲ್ಲಿ ಅಲ್ಲಾಡದೆ ನಿಂತ. ನೇರಳೆ ಹವಳ ಮುಖ ಮುಚ್ಚಿಕೊಂಡಿತು. “ಸುರೀರಿ, ಸುರೀರಿ! ಕೈ ಬಿಡಬ್ಯಾಡ್ರಿ!” ಎಂದು ನಾನು ಕೂಗುತ್ತಿದ್ದೆ. ಮೆಲುದನಿಯಲ್ಲಿ ಮಾತನಾಡಬೇಕೆಂದು ಹತ್ತು ವರ್ಷ ಕಲಿತದ್ದೆಲ್ಲ ಆ ಚೊಂಬಿನ ನೀರಿನಲ್ಲಿ ಕೊಚ್ಚಿಹೋಯಿತು. ಪಡಸಾಲೆಯ ಶಹಾಬಾದ್ ಕಲ್ಲಿನ ನೆಲದ ಮೇಲೆ ಉಪ್ಪುನೀರು ಹರಿದು, ಅಲ್ಲಿಯೇ ಎರಡನೆಯ ಸಮುದ್ರ ಹುಟ್ಟಿತು.

ಹೀಗೆ ಎರಡು ಗಂಟೆ. ಭುಜ ಬಿದ್ದುಹೋಗಿತ್ತು. ಆಗ ಬಾಗಿಲಲ್ಲಿ ನಮ್ಮವರು!

ಕೈಯಲ್ಲಿ ಸೇಡಂನವರು ಕೊಟ್ಟ ಪೇಢೆಯ ಪೆಟ್ಟಿಗೆ. ಒಮ್ಮೆ ಚೊಂಬು ಹಿಡಿದ ಜುಬೇದಾ ಆಪಾರನ್ನು ನೋಡಿದರು. ಮೊರ ಬೀಸುವವರನ್ನು ನೋಡಿದರು. ನೆಲ ನೋಡಿದರು.

“ಏನ್ ಮಾಡಾಕತ್ತೀರಿ ಎಲ್ಲಾರೂ?”

“ಕರೆಂಟ್ ಇಲ್ಲಲ್ರಿ! ನಾಕರ ತನಕ ಹಿಂಗೇ ಹಾಕತೀವಿ. ಜೀವ ಹೋದ್ರೂ ಬಿಡಂಗಿಲ್ಲ!” ಅಂದೆ. ನನ್ನ ದನಿ ವೀರವನಿತೆಯ ದನಿಯಂತಿತ್ತು.

ಅವರು ಪ್ಯಾಂಟು ಎತ್ತಿ ಹಿಡಿದು, ಎರಡನೆಯ ಸಮುದ್ರ ದಾಟಿ, ಬಾಗಿಲ ಹಿಂದಿನ ಮೇನ್ ಸ್ವಿಚ್ಚನ್ನು ಒಂದು ಬೆರಳಿನಿಂದ ಮೇಲಕ್ಕೆ ಒತ್ತಿದರು.

ಟಕ್!

ಫ್ಯಾನು ತಿರುಗಿತು. ಫ್ರಿಜ್ಜು ನಡುಗಿ ಎದ್ದಿತು. ಅಲೆಯ ಪಂಪು ‘ಬುಸ್’ ಎಂದಿತು. ರಾಣಿ ಅಲೆಗೆ ಮುಖ ಕೊಟ್ಟು ಒಂದು ಸುತ್ತು ಹೊಡೆದಳು. ರಾಜಾ ಅವಳ ಹಿಂದೆ. ಬದುಕಿದ್ದರು! ಇಬ್ಬರೂ!

ಎಂಟು ಹೆಂಗಸರೂ ಫ್ಯಾನು ನೋಡಿದರು, ಕೈಯಲ್ಲಿದ್ದ ಚೊಂಬು, ಮೊರ ನೋಡಿದರು.

“ಕೆಲಸ ಲಗೂನ ಮುಗೀತಂತ. ಹನ್ನೆರಡು ಹೊಡಿಯೋದ್ರಾಗೇ ಕರೆಂಟ್ ಬಂದದ,” ಎಂದರು ನಮ್ಮವರು, ಟವೆಲಿನಿಂದ ಕಾಲೊರೆಸಿಕೊಳ್ಳುತ್ತ.

ಹೇಳಿದ ಹೊತ್ತಿಗಿಂತ ಮೊದಲೇ ಕರೆಂಟು ಬರುವುದು! ಇಂಥ ಅನಾಹುತವನ್ನು ಯಾರು ತಾನೇ ಊಹಿಸಲು ಸಾಧ್ಯ?

“ಅಂದ್ರ ನನ್ನ ಇಸ್ತ್ರಿ...” ಎಂದು ಆಪಾ ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು. ಶರಣಮ್ಮತ್ತಿ ಮಾತ್ರ ಬಿಡಲಿಲ್ಲ. “ಬಂದ್ ಮಾಡ್ರಿ ಅಂತ ಬರದಾಕಿ ಯಾರವ್ವಾ?” ಎಂದು ಕೇಳಿ, ಶರಬತ್ತಿನ ಬಾಟಲಿ ಕಂಕುಳಲ್ಲಿ ಇಟ್ಟುಕೊಂಡು, ತಮ್ಮ ಮೇನ್ ಹಾಕಲು ಹೊರಟರು.

ಜೋಳ ಇನ್ನೂ ಡಬ್ಬಿಯಲ್ಲೇ ಇದೆ. ತೀರ್ಪು ಜಾರಿಯಾಗಲಿಲ್ಲ. ನಾನು ನೆಲ ಒರೆಸುತ್ತ, “ಏನೇ ಆಗಲಿ, ಕರೆಂಟು ಬಂದದ್ದು ಒಬ್ಬರಿಗೂ ತಿಳಿಯದೇ ಹೋಯಿತಲ್ಲ, ನನ್ನೊಬ್ಬಳದೇ ತಪ್ಪೇನಲ್ಲ” ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಮ್ಮವರು ಕುರ್ಚಿಯಲ್ಲಿ ಕುಳಿತು, ಪೇಢೆ ತಿನ್ನುತ್ತ, ನನ್ನ ಫೋನು ನೋಡುತ್ತಿದ್ದರು. ರಾಜಾ-ರಾಣಿಯ ಪಾಲಿನ ಕರೆಂಟು ಕುಡಿದು ನೂರಕ್ಕೆ ನೂರು ತುಂಬಿಕೊಂಡಿದ್ದ ಫೋನು. ಇದ್ದಕ್ಕಿದ್ದಂತೆ ಅವರ ಹೊಟ್ಟೆ ಕುಣಿಯತೊಡಗಿತು.

ಗುಂಪಿನಲ್ಲಿ ನನ್ನ ಫೋಟೋ. ಹನ್ನೆರಡು ಹತ್ತಕ್ಕೆ ಕಳಿಸಿದ್ದು. ನಮ್ಮದೇ ಮನೆಯ ಮುಂದಿನ ಕಂಬ, ಝಗಝಗ ಉರಿಯುವ ದೀಪ. ಅದರ ಕೆಳಗೆ ನನ್ನದೇ ಅಕ್ಷರ: “ಹಗಲಿನಲ್ಲಿ ದೀಪ! ಈ ಊರಿನಲ್ಲಿ ಕಣ್ಣಿರುವವರು ಒಬ್ಬರೂ ಇಲ್ಲವೇ?”