ಷಡ್ಡಕನ ಮೀನುಗಳೂ ನನ್ನ ಮೂರು ತೂತುಗಳೂ

ನನ್ನ ಷಡ್ಡಕನ ಮನೆಯಲ್ಲಿ ಮೀನುಗಳಿವೆ. ಇರಲಿ, ನನಗೇನು? ಅವನು ತಿಮಿಂಗಿಲವನ್ನೇ ಸಾಕಿಕೊಂಡರೂ ನನ್ನ ಆಕ್ಷೇಪವಿಲ್ಲ. ಆದರೆ ಅವು ಅಲ್ಲಿ ಈಜಿದರೆ ನನ್ನ ಮನೆಯಲ್ಲಿ ಅಲೆ ಏಳುತ್ತದಲ್ಲ, ಅದನ್ನು ಮಾತ್ರ ಸಹಿಸಲಾರೆ. ಅಕ್ಕನ ಮನೆಯಿಂದ ಬಂದಾಗಲೆಲ್ಲ ನನ್ನಾಕೆ ಚಪ್ಪಲಿ ಬಿಡುವ ಮೊದಲೇ ಶುರು ಮಾಡುತ್ತಾಳೆ.

"ಭಾವನ ಕೈಗುಣ ನೋಡ್ಬೇಕು ನೀವು! ತೊಟ್ಟೀಲಿ ಒಂದು ಚೂರೂ ಪಾಚಿ ಇಲ್ಲ. ಆ ಮೀನುಗಳಿಗೂ ಭಾವ ಅಂದ್ರೆ ಪ್ರಾಣ. ಹತ್ರ ಹೋದ್ರೆ ಸಾಕು, ಓಡಿ ಬರ್ತವೆ."

"ಓಡಿ ಬರೋಕೆ ಅವಕ್ಕೆ ಕಾಲಿದೆಯಾ?"

"ನಿಮಗಂತೂ ಬರೀ ಹೊಟ್ಟೆಕಿಚ್ಚು."

ಹೌದು, ಹೊಟ್ಟೆಕಿಚ್ಚೇ. (ನಿಮ್ಮ ಹತ್ತಿರ ಮುಚ್ಚುಮರೆ ಯಾಕೆ?) ಮದುವೆಯಾದಾಗಿನಿಂದ ನಾನು ಮುಟ್ಟಿದ ಯಾವ ಕೆಲಸಕ್ಕೂ ಅವಳ ಬಾಯಿಂದ ಒಂದು ಭೇಷ್ ಬಿದ್ದಿಲ್ಲ. ನಾನು ಹೊಡೆದ ಮೊಳೆ ಗಡಿಯಾರದ ಸಮೇತ ಕೆಳಗಿಳಿದಿದೆ. ನಾನು ರಿಪೇರಿ ಮಾಡಿದ ನಲ್ಲಿ ಇವತ್ತಿಗೂ ಒಂದು ಬಕೆಟ್ಟಿನ ಜೊತೆ ಸಂಸಾರ ಮಾಡುತ್ತಿದೆ. ಭೇಷ್‌ಗಳೆಲ್ಲ ಅವಳ ಅಕ್ಕನ ಗಂಡನಿಗೇ ಮೀಸಲು.

ಹೀಗಿರುವಾಗ ಹಳೇ ಸಾಮಾನಿನ ಅಂಗಡಿಯಲ್ಲಿ, ಕಾಲು ಮುರಿದ ಮಂಚದ ಹಿಂದೆ ಒಂದು ಗಾಜಿನ ತೊಟ್ಟಿ ನನ್ನ ಕಣ್ಣಿಗೆ ಬಿತ್ತು. ಷಡ್ಡಕನದ್ದಕ್ಕಿಂತ ಒಂದು ಗೇಣು ಉದ್ದ! (ಅವನದನ್ನು ಯಾರೂ ನೋಡದಾಗ ಅಳೆದಿಟ್ಟಿದ್ದೆ.) ಊನ ಒಂದೇ. ಹಿಂಬದಿಯ ಗಾಜಿನಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡ, ದುಂಡನೆಯ ಮೂರು ತೂತುಗಳು.

"ಇದ್ಯಾಕೆ ಹೀಗೆ ಕೊರೆದಿದಾರೆ?" ಎಂದೆ.

"ಯಾರಿಗ್ಗೊತ್ತು ಸಾರ್. ಅದಕ್ಕೇ ಯಾರೂ ಮೂಸಿ ನೋಡ್ತಿಲ್ಲ," ಎಂದ ಅಂಗಡಿಯವನು. ನಾನು ಮೂಸಿದೆ, ಕೊಂಡೆ, ಹೊತ್ತು ತಂದೆ.

ನನ್ನಾಕೆ ಒಂದು ತೂತಿಗೆ ಕಣ್ಣಿಟ್ಟು ಆ ಕಡೆಯಿಂದ ನನ್ನನ್ನು ನೋಡಿದಳು. "ತೊಟ್ಟಿ ಅಂತ ಜರಡಿ ತಂದಿದೀರಲ್ಲ!"

"ಅಂಟು ಹಾಕಿ ಮುಚ್ತೀನಿ."

"ನೀವಾ? ನೀವು ಅಂಟಿಸಿದ್ದು ಯಾವತ್ತು ನಿಂತಿದೆ? ಭಾವನಿಗೆ ಫೋನ್ ಮಾಡ್ಲಾ?"

ಅಷ್ಟು ಸಾಕಾಯಿತು. ಮೂರು ಗಾಜಿನ ತುಂಡು ಕತ್ತರಿಸಿ ತಂದೆ. ಸಿಲಿಕಾನ್ ಅಂಟಿನ ಟ್ಯೂಬ್ ತಂದು ರಂಧ್ರಸಂಹಾರಕ್ಕೆ ಕುಳಿತೆ. ಅಂಟು ಗಾಜಿಗೆ ಹತ್ತುವ ಮೊದಲು ನನ್ನ ಮೀಸೆಗೂ ಬಾಗಿಲಿನ ಹಿಡಿಗೂ ಹತ್ತಿತು. ನನ್ನಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಒಳಗಡೆಯಿಂದ ಅಂಟಿಸ್ರೀ. ನೀರು ಒಳಗಿಂದ ತಾನೇ ತಳ್ಳೋದು? ಆಗ ತುಂಡು ಇನ್ನೂ ಒತ್ತಿ ಕೂತ್ಕೊಳ್ಳುತ್ತೆ. ಭಾವ ಹಾಗೇ ಹೇಳ್ತಿದ್ರು."

ಆ ಕೊನೆಯ ಮೂರು ಶಬ್ದಗಳಿಲ್ಲದಿದ್ದರೆ ಆಣೆಯಾಗಿಯೂ ಒಳಗಡೆಯಿಂದಲೇ ಅಂಟಿಸುತ್ತಿದ್ದೆ. ಈಗ ಹೊರಗಡೆಯಿಂದ ಅಂಟಿಸಿದೆ.

ಅಂಟು ಒಣಗಿದ ಮೇಲೆ ಜಲಪರೀಕ್ಷೆ ನಡೆಯಿತು. ತೊಟ್ಟಿ ತುಂಬುತ್ತಿದ್ದಂತೆ ಒಂದು ತುಂಡು ಟಪ್ ಎಂದಿತು. ಉಳಿದೆರಡು ಅದನ್ನು ಹಿಂಬಾಲಿಸಿದವು. ಮೂರು ಧಾರೆಗಳು ಸೋಫಾದ ಕೆಳಗೆ ಸಂಗಮವಾಗಿ ನನ್ನಾಕೆಯ ಹೊಸ ರತ್ನಗಂಬಳಿಯ ಕಡೆಗೆ ಹರಿದವು. ಅವಳು ಫೋನ್ ಕೈಗೆತ್ತಿಕೊಂಡಳು.

"ಯಾರಿಗೆ?" ಎಂದೆ ಗಾಬರಿಯಿಂದ.

"ಅಕ್ಕನಿಗೆ. ನಮ್ಮನೇಲಿರೋ ಒರೆಸೋ ಬಟ್ಟೆ ಸಾಲಲ್ಲ."

ಸುದ್ದಿ ಷಡ್ಡಕನ ಕಿವಿಗೂ ಬಿತ್ತೆಂದು ಬೇರೆ ಹೇಳಬೇಕೆ? ಹಳೇ ಅಂಟನ್ನು ಬ್ಲೇಡಿನಲ್ಲಿ ಕೆರೆದೆ, ಗಾಜನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಈ ಸಲ ಒಳಗಡೆಯಿಂದ ಅಂಟಿಸಿದೆ (ಸ್ವಂತ ಆಲೋಚನೆ ಎಂಬ ಮುಖ ಮಾಡಿಕೊಂಡು). ಷಡ್ಡಕನ ಮೇಲಿದ್ದ ಹೊಟ್ಟೆಕಿಚ್ಚನ್ನೆಲ್ಲ ಆ ತುಂಡುಗಳ ಸುತ್ತ ಹಿಂಡಿದೆ. ಟ್ಯೂಬ್ ಮುಗಿಯಿತು, ಹೊಟ್ಟೆಕಿಚ್ಚು ಮುಗಿಯಲಿಲ್ಲ, ಇನ್ನೊಂದು ಟ್ಯೂಬ್ ತಂದೆ. ಮನೆಯೆಲ್ಲ ಅಂಟಿನ ವಿನಿಗರ್ ವಾಸನೆ.

ಮತ್ತೆ ನೀರು ತುಂಬಿಸಿದೆ. ಒಂದು ಹನಿಯೂ ಇಳಿಯಲಿಲ್ಲ! ಕೆಳಗೆ ಹಾಸಿದ ಪೇಪರ್ ಎತ್ತಿ ನನ್ನಾಕೆಯ ಮುಖದ ಮುಂದೆ ಹಿಡಿದೆ. ಒಣ ಪೇಪರ್! "ನಾಳೆವರೆಗೂ ಇರಲಿ, ನೋಡೋಣ," ಎಂದು ಅವಳು ಅಡುಗೆಮನೆಗೆ ಹೋದಳು. ಭೇಷ್ ಇಲ್ಲ. ಹೋಗಲಿ, ಷಡ್ಡಕನ ಮುಖವನ್ನಾದರೂ ನೋಡೋಣವೆಂದು ಗಂಡ ಹೆಂಡತಿ ಇಬ್ಬರನ್ನೂ ಚಹಾಕ್ಕೆ ಕರೆದೆ.

ಷಡ್ಡಕ ಬಂದ, ಬಗ್ಗಿದ, ಹಿಂಬದಿ ನೋಡಿದ. ಅವನ ಮುಖ ಇಳಿದುಹೋಯಿತು. ಆಹಾ! ಚಹಾ ಅಷ್ಟು ರುಚಿಯಾಗಿ ನಾನೆಂದೂ ಕುಡಿದಿರಲಿಲ್ಲ.

"ಅಯ್ಯೋ, ತೂತು ಮುಚ್ಚಿಬಿಟ್ರಾ?" ಎಂದ.

"ಮುಚ್ಚದೆ?"

"ಆ ತೂತಿಗೆ ಪೈಪ್ ಹಾಕಿ ಕೆಳಗೆ ಇನ್ನೊಂದು ತೊಟ್ಟಿ ಇಟ್ರೆ ನೀರು ತಾನಾಗೇ ಇಳಿಯುತ್ತೆ. ಅಲ್ಲಿ ಸೋಸಿ, ಪಂಪಿಂದ ಮತ್ತೆ ಮೇಲಕ್ಕೆ. ಅದಕ್ಕೇ ಕೊರೆಯೋದು ಅದನ್ನ! ನನ್ನ ತೊಟ್ಟೀಲಿ ಕೊರೀರಿ ಅಂದ್ರೆ, ಗಾಜು ಸೀಳುತ್ತೆ ಅಂತ ಒಬ್ರೂ ಒಪ್ತಿಲ್ಲ. ನಾನಾಗಿದ್ರೆ ಈ ತೂತು ನೋಡ್ಕೊಂಡು ಕುಣೀತಿದ್ದೆ."

ಅವನು ಹೊಟ್ಟೆಕಿಚ್ಚು ಪಡುವಂಥದ್ದು ನನ್ನ ಹತ್ತಿರ ಜೀವಮಾನದಲ್ಲಿ ಒಂದಿತ್ತು. ಅದನ್ನು ಎರಡು ಟ್ಯೂಬ್ ಅಂಟು ಹಾಕಿ ನಾನೇ ಮುಚ್ಚಿದ್ದೆ.

"ಹಾಗಾದ್ರೆ ನೀವೇ ತಗೊಂಡೋಗಿ ಭಾವ," ಎಂದಳು ನನ್ನಾಕೆ, ನನ್ನ ಕಡೆ ತಿರುಗಿಯೂ ನೋಡದೆ. "ನಿಮ್ಮ ಚಿಕ್ಕದು ನಮಗೆ ಕೊಡಿ. ನಮ್ಮ ಹಾಲ್‌ಗೆ ಅದು ಸಾಕು."

ತೊಟ್ಟಿ ಹೋಯಿತು. ಭಾನುವಾರ ಷಡ್ಡಕನ ಫೋನ್ ಬಂತು. "ಏನ್ರೀ ಇದು, ನಿಮ್ಮ ಅಂಟು ಬಿಡ್ತಾನೇ ಇಲ್ಲ! ಬ್ಲೇಡು ಮುರೀತು, ಚಾಕು ಮೊಂಡಾಯ್ತು. ಹಾಕಿದೋರೇ ಬಂದು ಕೀಳ್ಬೇಕು."

ಹಾಗಾಗಿ ಸದ್ಯಕ್ಕೆ ನಾನು ಷಡ್ಡಕನ ಹಾಲ್‌ನಲ್ಲಿ, ನನ್ನದಾಗಿದ್ದ, ಈಗ ಮಗ್ಗುಲಾಗಿ ಮಲಗಿಸಿದ ತೊಟ್ಟಿಯೊಳಗೆ ತಲೆಯಿಂದ ಹೆಗಲವರೆಗೆ ತೂರಿಕೊಂಡು, ನನ್ನ ಕೈಯಾರೆ ಹಾಕಿದ ಅಂಟನ್ನು ನನ್ನ ಕೈಯಾರೆ ಕೆರೆಯುತ್ತಿದ್ದೇನೆ. ಪಕ್ಕದ ತೊಟ್ಟಿಯ ಮೀನುಗಳು ಗುಂಪುಗೂಡಿ ನನ್ನನ್ನೇ ನೋಡುತ್ತಿವೆ. ಗಾಜಿನಾಚೆಯಿಂದ ನನ್ನಾಕೆಯ ದನಿ ಕೇಳಿಸಿತು. ಅಕ್ಕನಿಗೆ ಹೇಳುತ್ತಿದ್ದಳು, ಎದೆಯುಬ್ಬಿಸಿಕೊಂಡು:

"ನಮ್ಮನೆಯವರು ಅಂಟಿಸಿದ್ದು ಅಂದ್ರೆ ಸುಮ್ನೇನಾ ಅಕ್ಕ? ಭಾವನ ಕೈಲೂ ಕೀಳೋಕಾಗ್ಲಿಲ್ಲ ನೋಡು!"

ಮದುವೆಯಾದಾಗಿನಿಂದ ಕಾದಿದ್ದ ಮಾತು! ಅವಳ ಮುಖ ನೋಡಬೇಕೆಂದು ತಲೆಯೆತ್ತಿದೆ. ಗಾಜಿಗೆ ಢಣ್ ಎಂದು ಬಡಿಯಿತು.

"ನಿಧಾನ ಕಣ್ರೀ, ಗಾಜು ಒಡೆದೀತು," ಎಂದಳು ನನ್ನಾಕೆ. "ಬೇಗ ಬೇಗ ಕೀಳಿ. ಭಾವ ಸಂಜೆಗೆ ಮೀನು ಬಿಡ್ಬೇಕಂತೆ."