ಕಾಂಡದೊಳಗೆ ಇಣುಕಿದ ಶಾರದೆ

ಹೆಂಡತಿಯ ಕೈಗೆ ಬ್ಲೇಡು ಬಂದಾಗ ಗಂಡನಾದವನು ತುಸು ದೂರ ಕೂಡುವುದೇ ಕ್ಷೇಮ. ಈ ಸತ್ಯ ನನಗೆ ತಡವಾಗಿ ತಿಳಿಯಿತು.

ಮಗಳ ಮದುವೆಯಾಗುತ್ತಲೇ ನನ್ನ ಹೆಂಡತಿ ಶಾರದೆಗೆ, ತನ್ನ ಮದುವೆಗಾಗಿ ಅರ್ಧಕ್ಕೇ ಬಿಟ್ಟ ಬಿ.ಎಸ್ಸಿ. ನೆನಪಾಯಿತು. ನಿಗಡಿ ಹಳ್ಳಿಯ ನಮ್ಮ ಮನೆಯಿಂದ ಪೇಟೆಯ ಕಾಲೇಜಿಗೆ ಬಸ್ಸು ಹತ್ತಿ, ಮಗಳಿಗಿಂತ ಚಿಕ್ಕ ಹುಡುಗಿಯರ ಪಕ್ಕ ಕೂತು ಸಸ್ಯಶಾಸ್ತ್ರ ಓದತೊಡಗಿದಳು. ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪೊಂದು ಊಟದ ಮೇಜನ್ನು ಆಕ್ರಮಿಸಿತು. ನಾನು ತಂದ ಮೆಂತ್ಯೆ, ಕೊತ್ತಂಬರಿ ಮೊದಲು ಅದರಡಿಗೆ ಹೋಗಿ, ಉಳಿದರೆ ಒಗ್ಗರಣೆಗೆ ಬರುತ್ತಿದ್ದವು. ಮೊಳಕೆ ಕಡಲೆ ಕೇಳಿದರೆ, "ತಡೀರಿ, ಅದರ ಬೇರು ಕೊಯ್ದರ ನಡುವ ನಕ್ಷತ್ರದಂಥ ಆಕಾರ ಅದ, ನೋಡಬೇಕು" ಎನ್ನುವಳು. ಒಮ್ಮೆ ಗಿಡದೊಳಗೆ ನೀರು ಸಾಗುವ ಕೊಳವೆಗಳ ಬಗ್ಗೆ ಪಾಠವೇ ಆಯಿತು. "ಸೂರ್ಯಕಾಂತಿ ಕಾಂಡದಾಗ ಸುತ್ತಲೂ ಶಿಸ್ತಿಲೆ ನಿಂತಿರ್ತಾವ. ಗೋವಿನಜೋಳದಾಗ ಎಲ್ಲಿ ಬೇಕಲ್ಲಿ ಬಿದ್ದಿರ್ತಾವ, ನಿಮ್ಮ ಸಾಕ್ಸ್ ಇದ್ದಂಗ."

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ಸಂಜೆ ಮಾತ್ರ ನಗು ಇರಲಿಲ್ಲ. ಸೂರ್ಯಕಾಂತಿಯ ಕಾಂಡವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಅಡ್ಡ ಕೊಯ್ಯಬೇಕು. ಅವಳ ಕೈ ನಡುಗುತ್ತಿತ್ತು; ಬಿಲ್ಲೆಗಳೆಲ್ಲ ಸೌತೆಕಾಯಿಯಷ್ಟು ದಪ್ಪ.

"ಈ ವಯಸ್ಸಿನ್ಯಾಗ ನನಗ್ಯಾಕ ಬೇಕಿತ್ರಿ ಇದು? ನಾಳೆ ಹೋಗೂದಿಲ್ಲ" ಎಂದು ಬ್ಲೇಡು ಕೆಳಗಿಟ್ಟಳು. ಕಣ್ಣು ತುಂಬಿತ್ತು.

ನನಗೆ ತಡೆಯಲಾಗಲಿಲ್ಲ. "ಕೊಡಿಲ್ಲೆ. ದಿನಾ ಗಡ್ಡ ಕೆರಕೊಳ್ಳಾಂವಗ ಇದೇನ್ ಮಹಾ?" ಎಂದು ಸರಸರನೆ ಕೊಯ್ದೆ. ತಟ್ಟೆಯ ನೀರಿನಲ್ಲಿ ಒಂದು ಚೂರು ಎಷ್ಟು ತೆಳ್ಳಗೆ ತೇಲಿತೆಂದರೆ, ನನಗೇ ನನ್ನ ಮೇಲೆ ಗೌರವ ಹುಟ್ಟಿತು. ಅವಳು ಅದಕ್ಕೆ ಕೆಂಪು ಬಣ್ಣ ಹಾಕಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು.

"ಭಾಳ ತೆಳ್ಳಗ ಬಂದದ. ಆದ್ರ ಕೊಳವಿ ಒಂದೂ ಕಾಣವಲ್ದು."

"ಸರಿಯಾಗಿ ನೋಡು."

ಅವಳು ತಲೆಯೆತ್ತಿ, ನೋಡಿದ್ದು ನನ್ನ ಹೆಬ್ಬೆರಳನ್ನು. ಅಲ್ಲಿ ರಕ್ತ ಜಿನುಗುತ್ತಿತ್ತು.

"ಅಯ್ಯ, ಇದು ಕಾಂಡ ಅಲ್ರೀ! ನಿಮ್ಮ ಚರ್ಮ!"

ಪಟ್ಟಿ ಕಟ್ಟುವಾಗಲೂ ನಕ್ಕಳು, ಕಟ್ಟಿದ ಮೇಲೂ ನಕ್ಕಳು. ನಗು ನಿಂತಾಗ ಕೈ ನಡುಕವೂ ನಿಂತಿತ್ತು. ಬ್ಲೇಡು ಎತ್ತಿಕೊಂಡು ಒಂದೇ ಎಳೆತಕ್ಕೆ ಕೊಯ್ದು, "ಈಗ ನೋಡ್ರಿ" ಎಂದಳು. ನೋಡಿದೆ: ಕೆಂಪು ಮಣಿಗಳನ್ನು ದುಂಡಗೆ ಪೋಣಿಸಿಟ್ಟಂತೆ ಕೊಳವೆಗಳ ಗೊಂಚಲು. ಇಷ್ಟು ವರ್ಷ ಇಂಥದ್ದನ್ನೆಲ್ಲ ಬರೇ ಪಲ್ಯೆ ಎಂದು ನುಂಗಿದ್ದೆನಲ್ಲ ಎನಿಸಿತು.

ಮರುದಿನ ಪರೀಕ್ಷಕರು ಅವಳ ಸ್ಲೈಡನ್ನು ಉಳಿದ ಹುಡುಗಿಯರಿಗೂ ತೋರಿಸಿದರಂತೆ. ಅದನ್ನು ನಾನು ಆಫೀಸಿನಲ್ಲಿ ಎಲ್ಲರಿಗೂ ಹೇಳಿದೆ. ನನ್ನ ನೆರವಿಲ್ಲದೆ ಆಗುತ್ತಿರಲಿಲ್ಲ ಎಂದೂ ಸೇರಿಸಿದೆ. "ಹೌದಾ? ನೀವೇನು ಕೊಟ್ರಿ?" ಎಂದು ಒಬ್ಬರು ಕೇಳಿದರು. ಕೊಟ್ಟದ್ದೇನೋ ನಿಜ, ಒಂದು ಚೂರು ಚರ್ಮ. ಪಟ್ಟಿ ಕಟ್ಟಿದ ಹೆಬ್ಬೆರಳನ್ನು ಮೆಲ್ಲಗೆ ಜೇಬಿಗೆ ಇಳಿಸಿ, "ಧೈರ್ಯ" ಎಂದೆ.