ಎರಡನೇ ಬಹುಮಾನದ ಹಂದಿ

ಹೆರ್ನೆಯ್ ಲಸ್ಸೊ ಲಾಟರಿ ಚೀಟಿ ಕೊಂಡದ್ದು ಹಂದಿಗಾಗಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಅವನು ಎಷ್ಟು ಬಾಯಿ ಬಡಿದುಕೊಂಡರೂ ಕೇರಿಯಲ್ಲಿ ಒಬ್ಬರೂ ನಂಬಲಿಲ್ಲ.

ಇಗರ್ಜಿಯ ಸೂರು ಸೋರುತ್ತಿತ್ತು. ಕೊಲಂಬಿಯಾದ ಬೇರೆ ಊರುಗಳಲ್ಲಿ ಇಂಥ ಹೊತ್ತಿಗೆ ಲಾಟರಿ ಎತ್ತಿ ಸೈಕಲ್ಲೋ ಕುಕ್ಕರೋ ಬಹುಮಾನ ಕೊಡುತ್ತಾರಂತೆ. ಕಾಲಿ ನಗರದವರು ಅಂಥ ಹಳ್ಳಿಗಮಾರರಲ್ಲ. ಪಾದ್ರಿ ಅನ್ಸೆಲ್ಮೊ ಇಟ್ಟಿದ್ದ ಎರಡನೇ ಬಹುಮಾನವೆಂದರೆ ಹೊಟ್ಟೆಯೊಳಗೆ ಅನ್ನ, ಬಟಾಣಿ, ಈರುಳ್ಳಿ ತುಂಬಿ, ಚರ್ಮ ಹಪ್ಪಳದಂತಾಗುವವರೆಗೆ ಇಡಿಯಾಗಿ ಸುಟ್ಟ ಹಂದಿ. ಮೊದಲನೆಯದು, ಸೌಂದರ್ಯ ಚಿಕಿತ್ಸೆಯ ಡಾಕ್ಟರ್ ಬರಾಹೊನಾ ಭಕ್ತಿಯಿಂದ ಅರ್ಪಿಸಿದ ಒಂದು ಪೃಷ್ಠವರ್ಧನೆ. ಸಿಲಿಕೋನ್ ಗಡ್ಡೆಯೋ ಸ್ವಂತ ಕೊಬ್ಬೋ, ಗೆದ್ದವರ ಇಷ್ಟ. ದೇವರ ಸೂರಿಗೂ ಮನುಷ್ಯರ ಹಿಂಭಾಗಕ್ಕೂ ಒಂದೇ ಖರ್ಚಿನಲ್ಲಿ ರಿಪೇರಿ.

ಭಾನುವಾರ ಪೂಜೆ ಮುಗಿದ ಮೇಲೆ ಚೀಟಿ ಎತ್ತಿದರು. ಹಂದಿ, ಕೇರಿಯವರು ಗೌರವದಿಂದ ದೋನ್ಯಾ ಎನ್ನುತ್ತಿದ್ದ ಪಕ್ಕದ ಮನೆಯ ಬೆರ್ಟಿಲ್ಡಾಗೆ ಹೋಯಿತು. ಆಕೆ ಸೊಂಟದಲ್ಲಿ ಬಾಡಿಗೆ ಕೊಡದೆ ಕೂತಿದ್ದ ಕೊಬ್ಬನ್ನು ಕೆಳಗಿನ ಮನೆಗೆ ಸಾಗಿಸಬೇಕೆಂದು ವರ್ಷಗಳಿಂದ ಹರಕೆ ಹೊತ್ತವಳು. ಸಾವಿನ ಮನೆಯಲ್ಲಿ ಸಾಂತ್ವನ ಸ್ವೀಕರಿಸುವವಳ ಮುಖದಲ್ಲಿ ಹಂದಿಯನ್ನು ಸ್ವೀಕರಿಸಿದಳು. ಮೊದಲ ಬಹುಮಾನಕ್ಕೆ ಪಾದ್ರಿಗಳು ಕೂಗಿದ ಹೆಸರು ಹೆರ್ನೆಯ್ ಲಸ್ಸೊ.

ಹೆರ್ನೆಯ್ ನೋಟರಿ ಕಚೇರಿಯ ಗುಮಾಸ್ತ. ಹಿಂದಿನಿಂದ ನೋಡಿದರೆ ಮುಚ್ಚಿದ ಬಾಗಿಲಿನಂತೆ ಕಾಣುತ್ತಿದ್ದ. ಅವನಿಗೂ ಕುರ್ಚಿಗೂ ನಡುವೆ ದೇವರು ಏನನ್ನೂ ಇಟ್ಟಿರಲಿಲ್ಲ. ಅವನು ಎದ್ದು ವೇದಿಕೆಗೆ ನಡೆದಾಗ ಇಗರ್ಜಿಯಲ್ಲಿ ಆ ವರ್ಷ ಕೇಳದಷ್ಟು ನಗು ಕೇಳಿಸಿತು. ಪಾದ್ರಿಗಳು ಗುಲಾಬಿ ಬಣ್ಣದ ಕಾರ್ಡೊಂದನ್ನು ಕೈಗಿಟ್ಟು, ಸಂಜೆ ಐದರೊಳಗೆ ಇಗರ್ಜಿಯ ಕೋಣೆಗೆ ಬಂದು ಡಾಕ್ಟರಿಗೆ ಯಾರಿಗೆ, ಯಾವುದು ಎಂದು ತಿಳಿಸಬೇಕೆಂದರು.

ಹೆಂಡತಿ ಮರ್ಲೇನಿ ಮನೆಯ ಮುಂದಿನ ಕೋಣೆಯಲ್ಲಿ ಹೆಂಗಸರ ಕೂದಲು ಕತ್ತರಿಸುತ್ತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು.

"ಯಾರಿಗೆ?" ಅಂದಳು, ಕತ್ತರಿ ಕೆಳಗಿಡದೆ.

"ನಿನಗೇ. ಮತ್ಯಾರಿಗೆ?"

"ಹಾಗಾದ್ರೆ ಹದಿನಾಲ್ಕು ವರ್ಷದಿಂದ ನಿನಗೆ ಏನೋ ಕಮ್ಮಿ ಕಾಣಿಸ್ತಿತ್ತು."

"ಏನೂ ಕಮ್ಮಿ ಇಲ್ಲ. ಬೇಡ ಅಂದ್ರೆ ವಾಪಸ್ ಕೊಟ್ಬಿಡ್ತೀನಿ."

"ಅಂದ್ರೆ ಪುಕ್ಕಟೆ ಸಿಕ್ಕಿದ್ದನ್ನೂ ನನಗೆ ಕೊಡೋಕೆ ಮನಸ್ಸಿಲ್ಲ."

ಅತ್ತೆ ದೋನ್ಯಾ ಎದೆಲ್ಮಿರಾ ಮೂಲೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. "ನಿಮ್ಮ ಮಾವ ನನ್ನನ್ನ ಇದ್ದ ಹಾಗೇ ಕಟ್ಕೊಂಡು, ಇದ್ದ ಹಾಗೇ ಬಿಟ್ಟು ಸತ್ತರು, ಅಳಿಯಂದಿರೇ," ಅಂದಳು.

ತಾನು ಹಂದಿಗಾಗಿ ಚೀಟಿ ಕೊಂಡದ್ದು ಎಂದು ಹೆರ್ನೆಯ್ ಹೇಳಿದ. ಕೂದಲು ಕತ್ತರಿಸಿಕೊಳ್ಳುತ್ತಿದ್ದ ಹೆಂಗಸು ಕನ್ನಡಿಯಲ್ಲೇ ಅವನನ್ನು ಕರುಣೆಯಿಂದ ನೋಡಿದಳು.

ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಕೂರಲು ಜಾಗವಿರಲಿಲ್ಲ. ಔಷಧಿ ಅಂಗಡಿಯ ದೋನ್ ಎವರ್ ಸಿಲಿಕೋನಿನ ವಕೀಲನಾಗಿ ಬಂದಿದ್ದ. ಅದು ಅಳತೆ ಗೊತ್ತುಮಾಡಿ ತಯಾರಾದ ಮಾಲು, ಇವತ್ತು ಎಷ್ಟಿದೆಯೋ ಹತ್ತು ವರ್ಷದ ಮೇಲೂ ಅಷ್ಟೇ, ಹೆಂಡತಿ ಉಪವಾಸ ಬಿದ್ದರೂ ಕರಗುವುದಿಲ್ಲ ಎಂದು ವಾದಿಸಿದ. ಕೊಬ್ಬಾದರೋ, ಹಾಕಿದ್ದರಲ್ಲಿ ಒಂದು ಪಾಲನ್ನು ಮೈ ಸದ್ದಿಲ್ಲದೆ ನುಂಗಿಬಿಡುತ್ತದೆ, ಉಳಿದದ್ದನ್ನು ಕಾಪಾಡಲು ವಾರಗಟ್ಟಲೆ ಕೂರದೆ ನಿಂತೇ ಇರಬೇಕು. ದೋನ್ಯಾ ಬೆರ್ಟಿಲ್ಡಾ ಕೊಬ್ಬಿನ ಪಕ್ಷ. ತನ್ನ ನಾದಿನಿಯ ಸಿಲಿಕೋನ್ ಒಂದು ಕಡೆ ಮಗುಚಿಕೊಂಡು, ಆಕೆ ಬಸ್ಸಿನಲ್ಲಿ ಕೂತರೆ ಗುಡ್ಡದ ಇಳಿಜಾರಿನಲ್ಲಿ ಕೂತಂತಾಗುತ್ತದೆಂದಳು. ಸ್ವಂತದ್ದಾದರೆ ಕೈಗೆ ಮೆತ್ತಗೆ, ಒಳಗೆ ಪರಕೀಯ ವಸ್ತುವಿಲ್ಲ, ಮೇಲಾಗಿ ಸೊಂಟವೂ ಸಣ್ಣಗಾಗುತ್ತದೆ. ಇಬ್ಬರೂ ಮರ್ಲೇನಿಯನ್ನು ಎದ್ದು ನಿಲ್ಲಿಸಿ, ಗೋಡೆಗೆ ಕಪಾಟು ಎಲ್ಲಿ ಹೊಡೆಯಬೇಕೆಂದು ನೋಡುವವರಂತೆ ತಲೆ ವಾಲಿಸಿ ನೋಡಿದರು. ಚುನಾವಣೆಯಲ್ಲಿ ಓಟು ಹಾಕಲು ಏಳದ ಕೇರಿ ಅಂದು ಎರಡು ಪಾಳಯವಾಗಿ ನಿಂತಿತ್ತು.

ಅವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದ ಮರ್ಲೇನಿಯ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಹೆರ್ನೆಯ್ ಹೆದರಬೇಕಾಗಿದ್ದದ್ದು ಅಲ್ಲೇ.

"ಆಯ್ತು, ಮಾಡಿಸ್ಕೊಳ್ತೀನಿ. ಎರಡರಲ್ಲಿ ಯಾವುದು ಅಂತ ನೀನೇ ಹೇಳು."

"ಸ್ವಂತದ್ದೇ ಒಳ್ಳೇದು ಅಂತಾರೆ," ಅಂದ ಅವನು, ಬೆಟ್ಟ ಇಳಿದವನ ಸಮಾಧಾನದಲ್ಲಿ. "ಕೊಬ್ಬು."

"ಎಲ್ಲಿಂದ ತೆಗೀತಾರೆ?"

"ಎಲ್ಲಿ ಜಾಸ್ತಿ ಇದೆಯೋ ಅಲ್ಲಿಂದ."

"ಎಲ್ಲಿ ಜಾಸ್ತಿ ಇದೆ, ಹೆರ್ನೆಯ್?"

ಅತ್ತೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಎಲ್ಲೂ ಇಲ್ಲ," ಅಂದ ಹೆರ್ನೆಯ್. "ಅದಕ್ಕೇ ಸಿಲಿಕೋನ್ ಅಂತ ಹೇಳೋಣ."

"ಅಂದ್ರೆ ತೆಗೆಯೋಕೂ ಏನಿಲ್ಲದ ಒಣಕಡ್ಡಿ ನಾನು."

ವೈದ್ಯಶಾಸ್ತ್ರದಲ್ಲಿ ಮೂರನೆಯ ವಿಧಾನವನ್ನು ಇನ್ನೂ ಕಂಡುಹಿಡಿದಿರಲಿಲ್ಲ. ಹೆರ್ನೆಯ್ ಬಾಯಿ ಮುಚ್ಚಿಕೊಂಡ. ಅದನ್ನೂ ಅವಳು ಅಭಿಪ್ರಾಯವೆಂದೇ ಲೆಕ್ಕಕ್ಕೆ ಹಿಡಿದಳು.

"ಹೋಗಿ ಡಾಕ್ಟರಿಗೆ ಹೇಳಿ ಬಾ," ಅಂದಳು. "ನೀನು ಏನು ಹೇಳಿದೆ ಅಂತ ಕೇಳಿ, ಆಮೇಲೆ ನಿನ್ನ ದಿಂಬು ಎಲ್ಲಿಡಬೇಕು ಅಂತ ನಾನು ಹೇಳ್ತೀನಿ."

ಅವನು ಎಷ್ಟು ಗಾಬರಿಯಲ್ಲಿ ಹೊರಟನೆಂದರೆ, ಗುಲಾಬಿ ಕಾರ್ಡು ಕನ್ನಡಿಯ ಕೆಳಗೆ ಬಾಚಣಿಗೆಗಳ ನಡುವೆಯೇ ಉಳಿಯಿತು.

ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಕೊಬ್ಬು ಅಂದರೆ ಅವಳು ದಪ್ಪ. ಸಿಲಿಕೋನ್ ಅಂದರೆ ಅವಳು ಸಣಕಲು. ಬೇಡ ಅಂದರೆ ತಾನು ಜಿಪುಣ. ಬೇರೆಯವರಿಗೆ ಕೊಟ್ಟರೆ, ಅದರ ಬಗ್ಗೆ ಯೋಚಿಸದಿರುವುದೇ ವಾಸಿ. ಇಗರ್ಜಿಯ ಕೋಣೆ ಹೊಕ್ಕಾಗ ಅವನ ಕೈಯಲ್ಲಿ ಕಾರ್ಡಿರಲಿಲ್ಲ. ಇವನೇ ಗೆದ್ದವನೆಂದು ಊರಿಗೆಲ್ಲ ಗೊತ್ತು, ಕಾರ್ಡು ಯಾಕೆ ಎಂದರು ಪಾದ್ರಿಗಳು. ಡಾಕ್ಟರ್ ಬರಾಹೊನಾ ಬೆಳ್ಳಗೆ ಹೊಳೆಯುವ ಹಲ್ಲು ತೋರಿಸಿ, ಯಾರಿಗೆ ಎಂದು ಕೇಳಿದರು.

"ನನಗೇ," ಅಂದ ಹೆರ್ನೆಯ್.

ಪಾದ್ರಿಗಳು ಶಿಲುಬೆಯ ಗುರುತು ಮಾಡಿಕೊಂಡರು. ಡಾಕ್ಟರ್ ಮಾತ್ರ ವಿಚಲಿತರಾಗದೆ ಅವನ ಹಿಂದೆ ಹೋಗಿ ನಿಂತು, ಬಹಳ ಹೊತ್ತು ಏನನ್ನೋ ಹುಡುಕಿದರು.

"ಖಾಲಿ ನಿವೇಶನ," ಅಂದರು ಕೊನೆಗೆ. "ಗಡ್ಡೆ ಇಟ್ಟರೆ ಮೇಲೆ ಮುಚ್ಚೋಕೆ ಮಾಂಸ ಸಾಲದು, ತಟ್ಟೆ ಬಟ್ಟಲು ಇಟ್ಟ ಹಾಗೆ ಅಂಚು ಕಾಣತ್ತೆ. ನಿಮಗೆ ಕೊಬ್ಬೇ ಸರಿ. ಆದರೆ ತೆಗೆಯೋಕೆ ನಿಮ್ಮಲ್ಲಿ ಕೊಬ್ಬೇ ಇಲ್ಲವಲ್ಲ. ಎರಡು ತಿಂಗಳು ಚೆನ್ನಾಗಿ ತಿಂದು ಬನ್ನಿ."

"ಏನು ತಿನ್ನಲಿ, ಡಾಕ್ಟ್ರೇ?"

"ಹಂದಿ ತಿನ್ನಿ. ಚರ್ಮದ ಸಮೇತ."

ಅವನ ಹೆಸರು ಬರೆದಾಯಿತು, ಫೋಟೋ ತೆಗೆದಾಯಿತು. ಕಾಲಿಯ ಗಂಡಸರಿಗೆ ಇವನು ದಾರಿ ತೋರಿಸಲಿದ್ದಾನೆ, ಆಸ್ಪತ್ರೆಯ ಬೋರ್ಡಿನ ಮೇಲೆ ಹಿಂದೆ ಹೇಗಿತ್ತು, ಈಗ ಹೇಗಿದೆ ಎಂದು ಎರಡು ಚಿತ್ರ ಹಾಕಿಸುವುದಾಗಿ ಡಾಕ್ಟರ್ ಭರವಸೆ ಕೊಟ್ಟರು. ಇನ್ನು ಬದಲಾಯಿಸುವ ಹಾಗಿಲ್ಲ ಎಂದರು ಪಾದ್ರಿಗಳು. ಸೂರಿನ ಕೆಲಸ ಆಗಲೇ ಶುರುವಾಗಿತ್ತು.

ಹೆರ್ನೆಯ್ ಹಗುರಾಗಿ ಮನೆಗೆ ನಡೆದ. ಯಾರನ್ನೂ ದಪ್ಪ ಅನ್ನಲಿಲ್ಲ, ಸಣ್ಣ ಅನ್ನಲಿಲ್ಲ. ನಗುವುದಿದ್ದರೆ ಊರು ತನ್ನನ್ನು ನೋಡಿ ನಗಲಿ, ಅದು ಅಭ್ಯಾಸವಾಗಿದೆ. ಬಾಗಿಲು ತೆಗೆದರೆ ಘಮ್ಮೆಂದಿತು.

ಮೇಜಿನ ಮೇಲೆ ಹಂದಿ ಮಲಗಿತ್ತು. ಹೊಂಬಣ್ಣದ ಚರ್ಮ, ಬಾಯಲ್ಲಿ ಇಡೀ ನಿಂಬೆಹಣ್ಣು. ಒಂದು ಕಿವಿ ಆಗಲೇ ಅತ್ತೆಯ ತಟ್ಟೆಯಲ್ಲಿತ್ತು.

"ಒಂದು ತಿಂಗಳಿಂದ ನೀನು ನಿದ್ದೇಲೂ ಹಂದಿ ಹಂದಿ ಅಂತಿದ್ದೆ," ಅಂದಳು ಮರ್ಲೇನಿ, ಅವನ ಮುಖ ನೋಡದೆ ತಟ್ಟೆ ಒರೆಸುತ್ತ. "ನೀನು ಆ ಕಡೆ ಹೋದ ಮೇಲೆ ಯೋಚನೆ ಮಾಡಿದೆ. ಕಾರ್ಡು ಬೆರ್ಟಿಲ್ಡಾಗೆ ಕೊಟ್ಟು ಇದನ್ನ ತಗೊಂಡೆ. ನನಗೆ ಇರೋದೇ ಸಾಕು. ನಿನಗೂ ಸಾಕು ತಾನೆ?"

ಸಾಕು ಎಂದು ಹೆರ್ನೆಯ್ ತಲೆಯಾಡಿಸಿದ. ಮದುವೆಯ ದಿನವೂ ಅವಳು ಇಷ್ಟು ಚೆಂದ ಕಂಡಿರಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಕೂತು, ಬೆನ್ನಿನ ಗರಿಗರಿ ಚರ್ಮಕ್ಕೆ ಚಾಕು ತಾಗಿಸಿದ.

ಆಗ ಯಾರೋ ಬಾಗಿಲು ಬಡಿದರು. ದೋನ್ಯಾ ಬೆರ್ಟಿಲ್ಡಾ ತನ್ನ ಇಬ್ಬರು ದಾಂಡಿಗ ಗಂಡುಮಕ್ಕಳೊಂದಿಗೆ ನಿಂತಿದ್ದಳು. ಗುಲಾಬಿ ಕಾರ್ಡು ಅವಳ ಮುಷ್ಟಿಯಲ್ಲಿ ಮುದುಡಿತ್ತು.

"ದೋನ್ ಹೆರ್ನೆಯ್, ನಿಮಗೇ ಬೇಕಿತ್ತು ಅಂದಿದ್ರೆ ನಾನೇನು ಅಡ್ಡ ಬರ್ತಿದ್ನಾ," ಅಂದಳು. "ಇಗರ್ಜೀಲಿ ಎಲ್ಲರ ಮುಂದೆ ಕಾರ್ಡು ಹಿಡ್ಕೊಂಡು ನಿಂತೆ. ಆಗಲೇ ದೋನ್ ಹೆರ್ನೆಯ್ ಹಿಂಭಾಗಕ್ಕೆ ಬರೆದಾಯ್ತು ಅಂದ್ರು. ಕಿವಿ ತಿಂದಿದ್ದನ್ನ ಕ್ಷಮಿಸಿದ್ದೀನಿ. ಎತ್ತಿಕೊಳ್ರೋ."

ಮಕ್ಕಳು ಹಂದಿಯನ್ನು ಹರಿವಾಣದ ಸಮೇತ ಹೆಗಲಿಗೇರಿಸಿದರು. ಶವಯಾತ್ರೆಯಂತೆ ಅದು ಬೀದಿಯ ತಿರುವಿನಲ್ಲಿ ಮರೆಯಾಯಿತು.

"ನಿನಗೆ," ಅಂದಳು ಮರ್ಲೇನಿ.

"ನಿನಗೋಸ್ಕರವೇ ಕಣೇ."

"ಬೀದೀಲಿ ಇಬ್ಬರೂ ಹೋದ್ರೆ ಜನ ಮೊದಲು ನಿನ್ನದು ನೋಡಿ, ಆಮೇಲೆ ನನ್ನದು ನೋಡಿ ಅಯ್ಯೋ ಪಾಪ ಅನ್ನಲಿ ಅಂತ." ಖಾಲಿಯಾದ ಮೇಜನ್ನು ಒರೆಸಿದಳು. "ಯಾವುದು ಹೇಳಿದೆ?"

"ಕೊಬ್ಬು."

"ಎಲ್ಲಿಂದ ತೆಗೀತಾರೆ?"

"ಎಲ್ಲೂ ಇಲ್ಲವಂತೆ. ಎರಡು ತಿಂಗಳು ಚೆನ್ನಾಗಿ ತಿನ್ನಬೇಕಂತೆ."

ಮರ್ಲೇನಿ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಬಾಗಿಲು ಮತ್ತೊಮ್ಮೆ ತೆರೆದು ಒಂದು ದಿಂಬು ಹೊರಗೆ ಬಿತ್ತು. ಅತ್ತೆ ಕಿವಿಯ ಕೊನೆಯ ತುಣುಕನ್ನು ಅಗಿದು ಮುಗಿಸಿ, ದಿಂಬನ್ನು ಎತ್ತಿ ಧೂಳು ಕೊಡವಿ ಅಳಿಯನ ಕೈಗಿಟ್ಟಳು.

"ಎರಡು ತಿಂಗಳು ಇದನ್ನೇ ಹಿಂದಕ್ಕೆ ಕಟ್ಕೊಂಡು ಓಡಾಡಿ, ಅಳಿಯಂದಿರೇ. ಅಭ್ಯಾಸ ಆಗತ್ತೆ."